ಫರ್ಮ್ ಯಾವುದು, ಇನ್ಶೂರೆನ್ಸ್ ಯಾವುದು: ಗ್ರೇಡ್ ಕೈಕೊಟ್ಟರೂ ಸೀಟು ಉಳಿಯುವ ಹಾಗೆ ಆರಿಸುವುದು

ಕರ್ನಾಟಕದಲ್ಲಿ ಸಿಇಟಿ ಬರೆದು ಸೀಟು ಪಡೆದ ಅಪ್ಪ ಅಮ್ಮಂದಿರಿಗೆ ಬ್ರಿಟನ್ನಿನ ಪದವಿ ಪ್ರವೇಶದ ಪದ್ಧತಿ ತಲೆಕೆಳಗಾಗಿ ಕಾಣುತ್ತದೆ. ಕರ್ನಾಟಕದಲ್ಲಿ ರ‍್ಯಾಂಕ್ ಮೊದಲು, ಆಪ್ಷನ್ ಎಂಟ್ರಿ ಆಮೇಲೆ. ಕಾಲೇಜುಗಳ ಪಟ್ಟಿ ಎಷ್ಟುದ್ದ ಬೇಕಾದರೂ ಇರಬಹುದು. ಒಂದು ಸುತ್ತಿನಲ್ಲಿ ಸಿಕ್ಕಿದ್ದನ್ನು ಹಿಡಿದುಕೊಂಡೇ ಇನ್ನೂ ಒಳ್ಳೆಯದಕ್ಕೆ ಮುಂದಿನ ಸುತ್ತಿನವರೆಗೆ ಕಾಯಬಹುದು. ಇಲ್ಲಿ ಬ್ರಿಟನ್ನಿನಲ್ಲಿ ಆಫರ್ ಮೊದಲು ಬರುತ್ತದೆ, ಪರೀಕ್ಷೆ ಆಮೇಲೆ, ಫಲಿತಾಂಶ ಆಗಸ್ಟಿನಲ್ಲಿ. ಯೂಕಾಸ್ ಎಂಬ ಕೇಂದ್ರೀಯ ಪ್ರವೇಶ ಸಂಸ್ಥೆಯ ಮೂಲಕ ಐದು ಕೋರ್ಸ್‌ಗಳಿಗೆ ಅರ್ಜಿ ಹಾಕಿ, ಐದೂ ಕಡೆಯಿಂದ ಆಫರ್ ಬಂದರೂ, ಇಟ್ಟುಕೊಳ್ಳಲು ಬಿಡುವುದು ಎರಡನ್ನು ಮಾತ್ರ. ಉಳಿದ ಮೂರನ್ನು ಗ್ರೇಡ್ ಗೊತ್ತಾಗುವುದಕ್ಕೆ ಎರಡು ತಿಂಗಳು ಮುಂಚೆಯೇ ಬಿಟ್ಟುಕೊಡಬೇಕು.

ಆ ಎರಡರಲ್ಲಿ ಒಂದು ಫರ್ಮ್, ಇನ್ನೊಂದು ಇನ್ಶೂರೆನ್ಸ್. ಬಹಳ ಮನೆಗಳಲ್ಲಿ ಇದನ್ನು 'ಮೊದಲ ಇಷ್ಟ, ಎರಡನೆಯ ಇಷ್ಟ' ಎಂದು ಓದಿಕೊಳ್ಳುತ್ತಾರೆ. ಎಡವಟ್ಟು ಶುರುವಾಗುವುದೇ ಅಲ್ಲಿ. ಇನ್ಶೂರೆನ್ಸ್ ಎರಡನೆಯ ಇಷ್ಟವಲ್ಲ. ಫರ್ಮ್ ಯಾವ ಕಾರಣಕ್ಕೆ ಕೈತಪ್ಪಬಹುದೋ ಆ ಕಾರಣ ನಿಜವಾದ ದಿನವೂ ಕೈಯಲ್ಲಿ ಉಳಿಯುವ ಆಫರ್ ಅದು. ಈ ಒಂದು ಮಾತು ಹಿಡಿದುಕೊಂಡು ಆಫರ್ ಪತ್ರಗಳನ್ನು ಮುಂದಿಟ್ಟುಕೊಂಡರೆ ಯಾವುದನ್ನು ಇಟ್ಟುಕೊಳ್ಳಬೇಕು ಎಂಬುದು ಮುಕ್ಕಾಲು ಪಾಲು ತಾನಾಗಿಯೇ ತೀರ್ಮಾನವಾಗುತ್ತದೆ.

ನಿಯಮ ಹೇಗೆ ಕೆಲಸ ಮಾಡುತ್ತದೆ

ಫರ್ಮ್ ಮಾಡಿದ ಕಡೆಯ ಷರತ್ತು ಪೂರೈಸಿದರೆ ಸೀಟು ತಾನಾಗಿ ಖಾತ್ರಿಯಾಗುತ್ತದೆ, ಇನ್ಶೂರೆನ್ಸ್ ಆ ಕ್ಷಣಕ್ಕೆ ಬಿದ್ದುಹೋಗುತ್ತದೆ. ಎರಡನ್ನೂ ಗೆದ್ದು, ಆಗಸ್ಟಿನಲ್ಲಿ ಕೂತು ಆರಿಸೋಣ ಎಂದರೆ ಆಗುವುದಿಲ್ಲ. ಫರ್ಮ್ ಕಡೆಯವರು ಬೇಡ ಎಂದ ಮೇಲೆ ಮಾತ್ರ ಇನ್ಶೂರೆನ್ಸ್ ಲೆಕ್ಕಕ್ಕೆ ಬರುತ್ತದೆ. ಅದೂ ಹೋದರೆ ಕ್ಲಿಯರಿಂಗ್, ಅಂದರೆ ಖಾಲಿ ಉಳಿದ ಸೀಟುಗಳನ್ನು ಹಂಚುವ ಸುತ್ತು. ಫರ್ಮ್ ಮಾಡಿದ ಆಫರ್ ಷರತ್ತಿಲ್ಲದ್ದಾಗಿದ್ದರೆ ಇನ್ಶೂರೆನ್ಸ್ ಇಟ್ಟುಕೊಳ್ಳುವ ಪ್ರಶ್ನೆಯೇ ಇಲ್ಲ, ಸೀಟು ಅಲ್ಲಿಗೇ ಆಯಿತು.

ಇದರಿಂದ ಒಂದು ಲೆಕ್ಕ ಹೊರಡುತ್ತದೆ. ಹೆದರಿಕೆಗೆ ಕಡಿಮೆ ಗ್ರೇಡ್ ಕೇಳುವ ಕಡೆಯನ್ನು ಫರ್ಮ್ ಮಾಡಿ, ಹೆಚ್ಚು ಗ್ರೇಡ್ ಕೇಳುವ ಹೆಸರುವಾಸಿ ವಿಶ್ವವಿದ್ಯಾಲಯವನ್ನು 'ಬಂದರೆ ಬರಲಿ' ಎಂದು ಇನ್ಶೂರೆನ್ಸ್ ಮಾಡುವವರು ಪ್ರತಿ ವರ್ಷ ಇದ್ದಾರೆ. ಅದಕ್ಕೆ ಅರ್ಥವಿಲ್ಲ. ಹೆಚ್ಚಿನ ಗ್ರೇಡ್ ಬಂದರೆ ಕಡಿಮೆಯದ್ದು ಹೇಗೂ ಪೂರೈಸಿರುತ್ತದೆ, ಫರ್ಮ್ ಖಾತ್ರಿಯಾಗುತ್ತದೆ, ಇನ್ಶೂರೆನ್ಸ್ ಮುಚ್ಚುತ್ತದೆ. ಆ ಎರಡನೆಯ ಆಫರ್ ಬಳಕೆಗೆ ಬರುವ ದಿನವೇ ಇಲ್ಲ.

ಉತ್ತರ ಕೊಡುವ ಗಡುವು ಎಲ್ಲರಿಗೂ ಒಂದೇ ಅಲ್ಲ. ಕೊನೆಯ ನಿರ್ಧಾರ ಯಾವಾಗ ಬಂತು ಎಂಬುದರ ಮೇಲೆ ನಿಮ್ಮ ದಿನಾಂಕ ಯೂಕಾಸ್ ಹಬ್ ಎಂಬ ಆನ್‌ಲೈನ್ ಖಾತೆಯಲ್ಲಿ ಕಾಣಿಸುತ್ತದೆ. ಹೆಚ್ಚಿನವರಿಗೆ ಅದು ಜೂನ್ ಮೊದಲ ವಾರ. 2025ರಲ್ಲಿ ಜೂನ್ 4 ಆಗಿತ್ತು. ಗಡುವು ಮೀರಿದರೆ ಎಲ್ಲ ಆಫರ್‌ಗಳೂ ತಾವಾಗಿ ತಿರಸ್ಕೃತವಾಗುತ್ತವೆ. ಜೂನ್ ಮೊದಲ ವಾರವೆಂದರೆ ಎ ಲೆವೆಲ್ (ಇಲ್ಲಿನ ಪಿಯು ಮಟ್ಟದ) ಪರೀಕ್ಷೆಗಳ ನಟ್ಟನಡುವೆ. ಆಗ ಈ ಚರ್ಚೆಯನ್ನು ಮನೆಯಲ್ಲಿ ತೆಗೆಯಲೇಬಾರದು. ಈಸ್ಟರ್ ರಜೆಯಲ್ಲಿ ಕೂತು ಮುಗಿಸಿ, ಮೇ ತಿಂಗಳಲ್ಲಿ ಬಟನ್ ಒತ್ತುವುದಷ್ಟೇ ಬಾಕಿ ಇರಬೇಕು.

ಗ್ರೇಡ್ ಎಷ್ಟು ಇಳಿಯಬಹುದು

ಶಾಲೆ ಕೊಟ್ಟ ಪ್ರೆಡಿಕ್ಟೆಡ್ ಗ್ರೇಡನ್ನು ನಿಜವೆಂದು ಹಿಡಿದು ಲೆಕ್ಕ ಹಾಕಬೇಡಿ. ಅದನ್ನು ಕೊಡುವುದು ಆಫರ್ ಬರಲಿ ಎಂದು; ಮಗು ಚೆನ್ನಾಗಿ ಓದಿದರೆ ಎಲ್ಲಿಗೆ ಮುಟ್ಟಬಹುದು ಎಂಬುದರ ಅಂದಾಜು ಅದು. ಲಂಡನ್ನಿನ ಯುಸಿಎಲ್‌ನ ಗಿಲ್ ವೈನೆಸ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ಎ ಲೆವೆಲ್‌ಗಳನ್ನು ಒಟ್ಟು ಸೇರಿಸಿ ನೋಡಿದಾಗ, ಪ್ರೆಡಿಕ್ಷನ್ ಸರಿಯಾಗಿ ಹೊಂದಿದ್ದು ಶೇ 16ರಷ್ಟು ಅಭ್ಯರ್ಥಿಗಳಿಗೆ ಮಾತ್ರ. ಶೇ 75ರಷ್ಟು ಮಂದಿಗೆ ಹೇಳಿದ್ದಕ್ಕಿಂತ ಕಡಿಮೆ ಬಂದಿತ್ತು. ಅಂದರೆ ಗ್ರೇಡ್ ಇಳಿಯುವುದು ಅಪರೂಪದ ಅಪಘಾತವಲ್ಲ, ಅದೇ ಸಾಮಾನ್ಯ. ಹಾಗಾಗಿ ಮಗಳು ಎಎಬಿಯ (ಎರಡು ವಿಷಯಕ್ಕೆ ಎ, ಒಂದಕ್ಕೆ ಬಿ) ಬದಲು ಎಬಿಬಿ ತಂದರೆ ಅವಳು ಸೋತಳು ಎಂದು ಮುಖ ಬಾಡಿಸಿಕೊಳ್ಳುವ ಅಗತ್ಯವಿಲ್ಲ.

ಇದಕ್ಕಿಂತ ಗಟ್ಟಿಯಾದ ಅಂದಾಜು ಹೀಗೆ ಸಿಗುತ್ತದೆ. ಪ್ರತಿ ವಿಷಯಕ್ಕೂ ಮೂರು ಸಂಗತಿ ಬರೆದುಕೊಳ್ಳಿ. ಒಂದು, ಪ್ರೆಡಿಕ್ಟೆಡ್ ಗ್ರೇಡ್. ಎರಡು, ಗಡಿಯಾರ ಇಟ್ಟು ಪೂರ್ತಿ ಸಿಲಬಸ್ ಮೇಲೆ ಬರೆದ ಕೊನೆಯ ಮಾಕ್ ಪರೀಕ್ಷೆಯಲ್ಲಿ ಬಂದದ್ದು. ಅರ್ಧ ಸಿಲಬಸ್‌ನ ಮಾಕ್ ಆಗಿದ್ದರೆ ಅದನ್ನು ನೆಚ್ಚಬೇಡಿ. ಮೂರು, ಈಗಾಗಲೇ ಮುಗಿದುಹೋದ ಅಂಕ. ಇತಿಹಾಸ, ಭೂಗೋಳ, ಇಂಗ್ಲಿಷ್ ಸಾಹಿತ್ಯ, ಕಂಪ್ಯೂಟರ್ ಸೈನ್ಸ್ ವಿಷಯಗಳಲ್ಲಿ ಶೇ 20 ಅಂಕ ಕೋರ್ಸ್‌ವರ್ಕ್‌ಗೆ ಇರುತ್ತದೆ. ಅದು ಚೆನ್ನಾಗಿ ಬಂದಿದ್ದರೆ ಪರೀಕ್ಷೆಯ ದಿನ ಹೊಟ್ಟೆನೋವು ಬಂದರೂ ಗ್ರೇಡ್ ಪೂರ್ತಿ ಕುಸಿಯುವುದಿಲ್ಲ; ಗಣಿತಕ್ಕೆ ಆ ಆಸರೆ ಇಲ್ಲ. ಉದಾಹರಣೆಗೆ ಎಡೆಕ್ಸೆಲ್ ಎಂಬ ಪರೀಕ್ಷಾ ಮಂಡಳಿಯ ಗಣಿತದಲ್ಲಿ ತಲಾ 100 ಅಂಕಗಳ ಮೂರು ಪತ್ರಿಕೆ, ಇರುವುದೆಲ್ಲ ಅಷ್ಟರಲ್ಲೇ. ಮಾಕ್‌ನಲ್ಲಿ ಶಾಲೆ ಬಳಸಿದ ಗ್ರೇಡ್ ಗಡಿ ಹಳೆಯ ವರ್ಷದ್ದು ಎಂಬುದೂ ನೆನಪಿರಲಿ. ಈ ವರ್ಷದ ಗಡಿ ನಿಗದಿಯಾಗುವುದು ಪತ್ರಿಕೆಗಳ ಮೌಲ್ಯಮಾಪನ ಆದ ಮೇಲೆಯೇ.

ಇದನ್ನಿಟ್ಟುಕೊಂಡು ಒಂದೊಂದು ವಿಷಯಕ್ಕೂ ಒಳ್ಳೆಯ ದಿನದ ಗ್ರೇಡ್, ಕೆಟ್ಟ ದಿನದ ಗ್ರೇಡ್ ಬರೆಯಿರಿ. ಮೂರೂ ವಿಷಯ ಒಟ್ಟಿಗೆ ಕೆಡುವುದು ಕಡಿಮೆ. ಯಾವುದೋ ಒಂದು ವಿಷಯ ಅಲುಗಾಡುತ್ತಿರುತ್ತದೆ, ಅದು ಯಾವುದು ಎಂದು ಮಗುವಿಗೆ ಚೆನ್ನಾಗಿ ಗೊತ್ತಿರುತ್ತದೆ. ಬೈಯುವುದಿಲ್ಲ ಎಂದು ಗೊತ್ತಿದ್ದರೆ ಹೇಳುತ್ತದೆ.

ಷರತ್ತನ್ನು ಬಿಡಿಸಿ ಓದುವುದು

ಒಬ್ಬ ಹುಡುಗಿ ಮೆಕ್ಯಾನಿಕಲ್ ಎಂಜಿನಿಯರಿಂಗ್‌ಗೆ ಅರ್ಜಿ ಹಾಕಿದ್ದಾಳೆ ಎಂದಿಟ್ಟುಕೊಳ್ಳೋಣ. ಗಣಿತ ಎ, ಭೌತಶಾಸ್ತ್ರ ಎ, ರಸಾಯನಶಾಸ್ತ್ರ ಬಿ ಎಂದು ಶಾಲೆಯ ಪ್ರೆಡಿಕ್ಷನ್. ಅವಳಿಗೆ ತುಂಬಾ ಇಷ್ಟವಾದ ಕಡೆಯಿಂದ ಬಂದ ಆಫರ್ ಎಎಬಿ, ಗಣಿತದಲ್ಲಿ ಎ ಕಡ್ಡಾಯ. ಎರಡನೆಯದು ಎಬಿಬಿ, ಅಲ್ಲೂ ಗಣಿತದಲ್ಲಿ ಎ ಕಡ್ಡಾಯ. ಮೂರನೆಯದು 120 ಟ್ಯಾರಿಫ್ ಪಾಯಿಂಟ್, ಗಣಿತ ಮತ್ತು ಭೌತಶಾಸ್ತ್ರ ಓದಿರಬೇಕು, ಇಂಥದೇ ಗ್ರೇಡ್ ಎಂದಿಲ್ಲ.

ಟ್ಯಾರಿಫ್ ಲೆಕ್ಕ ಗೊತ್ತಿಲ್ಲದವರಿಗೆ: ಎ ಲೆವೆಲ್‌ನಲ್ಲಿ ಎ ಸ್ಟಾರ್‌ಗೆ 56, ಎಗೆ 48, ಬಿಗೆ 40, ಸಿಗೆ 32, ಡಿಗೆ 24, ಇಗೆ 16 ಪಾಯಿಂಟ್. ಎಎಬಿ ಎಂದರೆ 136, ಎಬಿಬಿ 128, ಬಿಬಿಬಿ 120, ಬಿಬಿಸಿ 112.

ಮೊದಲನೆಯದು ಫರ್ಮ್, ಒಂದು ಗ್ರೇಡ್ ಕಡಿಮೆ ಕೇಳಿದ ಎರಡನೆಯದು ಇನ್ಶೂರೆನ್ಸ್ ಎಂದು ಮಾಡಿದರೆ ನೋಡಲು ಸರಿಯಾಗಿದೆ. ಈಗ ಗಣಿತ ಬಿ ಆಯಿತು, ಉಳಿದೆರಡು ಹೇಳಿದಂತೆಯೇ ಬಂದವು ಎನ್ನಿ. ಒಟ್ಟು ಎಬಿಬಿ, 128 ಪಾಯಿಂಟ್. ಫರ್ಮ್ ಹೋಯಿತು. ಇನ್ಶೂರೆನ್ಸ್ ಕೂಡ ಹೋಯಿತು, ಏಕೆಂದರೆ ಅವರು ಕೇಳಿದ ಎ ಗಣಿತದಲ್ಲಿ ಇರಬೇಕಿತ್ತು, ಅದು ಬಂದದ್ದು ಭೌತಶಾಸ್ತ್ರದಲ್ಲಿ. 120 ಪಾಯಿಂಟ್ ಕೇಳಿದ ಮೂರನೆಯವರು ನಗುನಗುತ್ತಾ ತೆಗೆದುಕೊಳ್ಳುತ್ತಿದ್ದರು, ಆದರೆ ಅವರಿಗೆ ಜೂನಿನಲ್ಲೇ ಬೇಡ ಎಂದಾಗಿದೆ. ಇನ್ನೊಂದು ರೀತಿ ನೋಡಿ: ಗಣಿತ ಎ ಬಂತು, ಭೌತಶಾಸ್ತ್ರ ಬಿ, ರಸಾಯನಶಾಸ್ತ್ರ ಸಿ. ಒಟ್ಟು ಸರಿಯಾಗಿ 120. ಈಗಲೂ ಮೊದಲೆರಡು ಹೋದವು, ಮೂರನೆಯದು ಉಳಿಯಿತು. ಎಬಿಬಿ ಆಫರ್ ಕಾಪಾಡುವುದು ಒಂದೇ ಸಂದರ್ಭದಲ್ಲಿ, ಗಣಿತ, ರಸಾಯನಶಾಸ್ತ್ರ ಗಟ್ಟಿಯಾಗಿ ನಿಂತು ಭೌತಶಾಸ್ತ್ರದಲ್ಲಿ ಒಂದೇ ಒಂದು ಗ್ರೇಡ್ ಇಳಿದಾಗ.

ಹಾಗಾದರೆ ಎಬಿಬಿ ಇನ್ಶೂರೆನ್ಸ್ ತಪ್ಪೇ? ಅವಳ ಗಣಿತ ಭದ್ರವಾಗಿದ್ದು ಭೌತಶಾಸ್ತ್ರವೊಂದೇ ಅಲುಗಾಡುತ್ತಿದ್ದರೆ ತಪ್ಪಲ್ಲ. ಅಲುಗಾಡುವುದು ಗಣಿತವೇ ಆಗಿದ್ದರೆ ಅದು ಇನ್ಶೂರೆನ್ಸೇ ಅಲ್ಲ, ಬರೀ ಹೆಸರು. ಸಾಮಾನ್ಯವಾಗಿ ಎರಡು ಗ್ರೇಡ್ ಅಂತರ ಇಟ್ಟುಕೊಳ್ಳಿ ಎಂದು ಹೇಳುವುದುಂಟು, ಎಎಬಿಗೆ ಬಿಬಿಬಿ ಎಂಬಂತೆ. ಅಂತರಕ್ಕಿಂತ ಮುಖ್ಯವಾದದ್ದು ಅದು ಯಾವ ವಿಷಯದಲ್ಲಿ ಸಡಿಲಾಗಿದೆ ಎಂಬುದು.

ಪಾಯಿಂಟ್ ಆಫರ್‌ಗಳಲ್ಲೂ ಸಣ್ಣಕ್ಷರ ಇರುತ್ತದೆ. '120 ಪಾಯಿಂಟ್' ಎಂಬುದಕ್ಕೂ 'ಮೂರು ಎ ಲೆವೆಲ್‌ಗಳಿಂದ 120 ಪಾಯಿಂಟ್' ಎಂಬುದಕ್ಕೂ ಬಹಳ ವ್ಯತ್ಯಾಸ. ಮೊದಲನೆಯದರಲ್ಲಿ ಇಪಿಕ್ಯೂ (ಎ ಲೆವೆಲ್ ಜೊತೆಗೆ ವಿದ್ಯಾರ್ಥಿ ತಾನೇ ವಿಷಯ ಆರಿಸಿ ಮಾಡುವ ಪ್ರಾಜೆಕ್ಟ್) ಲೆಕ್ಕಕ್ಕೆ ಬರಬಹುದು. ಅದರಲ್ಲಿ ಎ ಬಂದಿದ್ದರೆ 24 ಪಾಯಿಂಟ್, ಬಿಸಿಸಿ ಬಂದವರ 104ಕ್ಕೆ ಸೇರಿ 128 ಆಗುತ್ತದೆ. ಎರಡನೆಯದರಲ್ಲಿ ಇಪಿಕ್ಯೂಗೆ ಬೆಲೆಯೇ ಇಲ್ಲ. ಕೆಲವು ಕಡೆ 'ಎಎಬಿ, ಅಥವಾ ಎಬಿಬಿ ಜೊತೆಗೆ ಇಪಿಕ್ಯೂನಲ್ಲಿ ಎ' ಎಂಬ ಜೋಡಿ ಆಫರ್ ಕೊಡುತ್ತಾರೆ. ಇಪಿಕ್ಯೂ ಎ ಈಗಾಗಲೇ ಕೈಯಲ್ಲಿದ್ದರೆ ಅದನ್ನು ಎಬಿಬಿ ಆಫರ್ ಎಂದೇ ಓದಿಕೊಳ್ಳಿ.

ವಿಜ್ಞಾನ ವಿಷಯಗಳಿಗೆ ಇನ್ನೊಂದು ಸಾಲು ಇರುತ್ತದೆ, ಅದನ್ನು ಬಹಳ ಜನ ಓದದೆ ಬಿಡುತ್ತಾರೆ: ಪ್ರಾಕ್ಟಿಕಲ್ ಎಂಡಾರ್ಸ್‌ಮೆಂಟ್‌ನಲ್ಲಿ ಪಾಸ್ ಆಗಿರಬೇಕು. ಲ್ಯಾಬ್ ಕೆಲಸದ ಈ ಫಲಿತಾಂಶ ಗ್ರೇಡಿಗೆ ಸೇರುವುದಿಲ್ಲ, ಪ್ರತ್ಯೇಕವಾಗಿ ಬರುತ್ತದೆ. ಗ್ರೇಡ್ ಎ ಬಂದು ಇದು ಬಾರದಿದ್ದರೂ ಷರತ್ತು ಮುರಿದಂತೆ. ಲ್ಯಾಬ್ ಪುಸ್ತಕ ಪೂರ್ತಿಯಾಗಿದೆಯೇ ಎಂದು ಮಾರ್ಚ್‌ನಲ್ಲೇ ಟೀಚರನ್ನು ಕೇಳಿ ಖಚಿತಪಡಿಸಿಕೊಳ್ಳುವುದು ಐದು ನಿಮಿಷದ ಕೆಲಸ.

ಕೇಂಬ್ರಿಜ್‌ನಲ್ಲಿ ಗಣಿತಕ್ಕೆ ಆಫರ್ ಬಂದವರಿಗೆ ಎ ಲೆವೆಲ್ ಜೊತೆಗೆ ಸ್ಟೆಪ್ ಎಂಬ ಪ್ರತ್ಯೇಕ ಗಣಿತ ಪರೀಕ್ಷೆಯ ಷರತ್ತೂ ಇರುತ್ತದೆ. ಅವರ ಮಟ್ಟಿಗೆ ಮುರಿಯುವ ಕೊಂಡಿ ಎ ಲೆವೆಲ್ ಗಣಿತವಲ್ಲ, ಸ್ಟೆಪ್. ಆದ್ದರಿಂದ ಸ್ಟೆಪ್ ಕೇಳದ ಇನ್ನೊಂದು ಆಫರ್ ಎ ಸ್ಟಾರ್ ಸಾಲುಸಾಲಾಗಿ ಕೇಳಿದರೂ ಅವರಿಗೆ ಒಳ್ಳೆಯ ಇನ್ಶೂರೆನ್ಸ್ ಆಗಬಹುದು. ಗ್ರೇಡ್ ಕಡಿಮೆ ಇರಬೇಕು ಎಂಬ ಸೂತ್ರ ಇಲ್ಲಿ ಹಾಗೇ ಹೊಂದುವುದಿಲ್ಲ.

ಮೆಡಿಸಿನ್ ಬೇರೆಯದೇ ಲೆಕ್ಕ

ಮೆಡಿಸಿನ್‌ಗೆ ಐದರಲ್ಲಿ ನಾಲ್ಕು ಕಡೆ ಮಾತ್ರ ಅರ್ಜಿ ಹಾಕಬಹುದು, ಐದನೆಯದು ಬೇರೆ ಕೋರ್ಸ್ ಆಗಿರಬೇಕು. ಆಫರ್‌ಗಳು ಹೆಚ್ಚು ಕಡಿಮೆ ಎಲ್ಲವೂ ಎಎಎ ಸುತ್ತಮುತ್ತ. ಎರಡು ಎಎಎ ಆಫರ್ ಇದ್ದರೆ ಒಂದನ್ನು ಇನ್ಶೂರೆನ್ಸ್ ಮಾಡಿ ಪ್ರಯೋಜನ ಕಡಿಮೆ. ಸೀಟುಗಳ ಸಂಖ್ಯೆ ಸರ್ಕಾರ ನಿಗದಿ ಮಾಡಿರುವುದರಿಂದ ಒಂದು ಗ್ರೇಡ್ ತಪ್ಪಿದವರಿಗೆ ಕನಿಕರ ತೋರಿಸಲು ಮೆಡಿಕಲ್ ಸ್ಕೂಲ್‌ಗಳ ಕೈಯಲ್ಲಿ ಜಾಗ ಕಡಿಮೆ, ಕ್ಲಿಯರಿಂಗ್‌ನಲ್ಲಿ ಸಿಗುವುದೂ ಅಪರೂಪ.

ಉಳಿಯುವ ದಾರಿ ಐದನೆಯ ಆಯ್ಕೆ, ಹೆಚ್ಚಿನವರಿಗೆ ಅದು ಬಯೋಮೆಡಿಕಲ್ ಸೈನ್ಸ್. ಇಲ್ಲಿ ಒಂದು ಪ್ರಶ್ನೆಗೆ ಮನಸ್ಸು ಬಿಚ್ಚಿ ಉತ್ತರ ಬೇಕು: ಮೆಡಿಸಿನ್ ತಪ್ಪಿದರೆ ಮಗ ಮೂರು ವರ್ಷ ಬಯೋಮೆಡಿಕಲ್ ಓದುತ್ತಾನೆಯೇ, ಇಲ್ಲ ಒಂದು ವರ್ಷ ಬಿಟ್ಟು ಮತ್ತೆ ಅರ್ಜಿ ಹಾಕುತ್ತಾನೆಯೇ? ಎರಡನೆಯದೇ ನಿಜವಾದರೆ ಇನ್ಶೂರೆನ್ಸ್ ಖಾಲಿ ಬಿಡಿ. ಹೌದು, ಖಾಲಿ ಬಿಡಬಹುದು, ಕಡ್ಡಾಯವಿಲ್ಲ. ಬಯೋಮೆಡಿಕಲ್ ಪದವಿ ಮುಗಿಸಿ ಮೆಡಿಸಿನ್‌ಗೆ ಹೋಗುವ ದಾರಿ ಇದೆ ಎನ್ನುವುದು ನಿಜ, ಆದರೆ ಅದು ಇಕ್ಕಟ್ಟಾದ ದಾರಿ. ಮತ್ತೆ ಅರ್ಜಿ ಹಾಕುವವರು ಎರಡು ವಿಷಯ ವಿಚಾರಿಸಬೇಕು. ಮೆಡಿಸಿನ್ ಪ್ರವೇಶ ಪರೀಕ್ಷೆಯಾದ ಯುಕ್ಯಾಟ್‌ನ ಅಂಕ ಆ ವರ್ಷದ ಅರ್ಜಿಗಷ್ಟೇ ಸಲ್ಲುತ್ತದೆ, ಮತ್ತೆ ಬರೆಯಬೇಕು. ಎರಡನೆಯ ಸಲ ಬರೆದ ಎ ಲೆವೆಲ್ ಗ್ರೇಡನ್ನು ಕೆಲವು ಮೆಡಿಕಲ್ ಸ್ಕೂಲ್‌ಗಳು ಒಪ್ಪುವುದಿಲ್ಲ, ಕೆಲವು ಮೊದಲ ಸಲಕ್ಕಿಂತ ಹೆಚ್ಚು ಕೇಳುತ್ತವೆ.

ಒಂದು ಗ್ರೇಡ್ ತಪ್ಪಿದರೂ ತೆಗೆದುಕೊಳ್ಳುತ್ತಾರೆಯೇ?

ಎಷ್ಟೋ ಕಡೆ ತೆಗೆದುಕೊಳ್ಳುತ್ತಾರೆ. ವಿಶ್ವವಿದ್ಯಾಲಯಗಳಿಗೆ ಎ ಲೆವೆಲ್ ಫಲಿತಾಂಶ ವಿದ್ಯಾರ್ಥಿಗಳಿಗಿಂತ ಕೆಲವು ದಿನ ಮೊದಲೇ ಗುಟ್ಟಾಗಿ ಸಿಗುತ್ತದೆ. ಷರತ್ತು ಪೂರೈಸಿದವರನ್ನು ಎಣಿಸಿ, ಜಾಗ ಉಳಿದಿದ್ದರೆ ಸ್ವಲ್ಪದರಲ್ಲಿ ತಪ್ಪಿದವರನ್ನೂ ಸೇರಿಸಿಕೊಳ್ಳುತ್ತಾರೆ. ಹಾಗಾಗಿ ಇದು ಕನಿಕರದ ಪ್ರಶ್ನೆಗಿಂತ ಜಾಗದ ಪ್ರಶ್ನೆ. ಸುಳಿವು ಸಿಗುವ ಜಾಗ ಎರಡು. ಡಿಸ್ಕವರ್ ಯೂನಿ ಎಂಬ ಅಧಿಕೃತ ತಾಣದಲ್ಲಿ ಆ ಕೋರ್ಸ್‌ಗೆ ಸೇರಿದವರು ನಿಜವಾಗಿ ಎಷ್ಟು ಟ್ಯಾರಿಫ್ ಪಾಯಿಂಟ್ ಹೊತ್ತು ಬಂದಿದ್ದರು ಎಂಬ ಹಂಚಿಕೆ ಇರುತ್ತದೆ. ಕೇಳುವುದು 136, ಸೇರಿದವರಲ್ಲಿ ಒಳ್ಳೆಯ ಪಾಲು ಅದಕ್ಕಿಂತ ಕೆಳಗೆ ಎಂದಿದ್ದರೆ ಅವರು ಬಗ್ಗುವವರು ಎಂದಾಯಿತು. ಆದರೆ ಆ ಅಂಕಿಗಳಲ್ಲಿ ಇಪಿಕ್ಯೂ, ನಾಲ್ಕನೆಯ ಎ ಲೆವೆಲ್ ಎಲ್ಲ ಸೇರಿ ಪಾಯಿಂಟ್ ಉಬ್ಬಿರುತ್ತದೆ, ಸ್ವಲ್ಪ ಕಳೆದು ಓದಬೇಕು. ಇನ್ನೊಂದು ಸುಳಿವು, ಹಿಂದಿನ ಆಗಸ್ಟಿನಲ್ಲಿ ಆ ಕೋರ್ಸ್ ಕ್ಲಿಯರಿಂಗ್‌ನಲ್ಲಿ ಕಾಣಿಸಿತ್ತೇ ಎಂಬುದು. ಓಪನ್ ಡೇಗೆ ಹೋದಾಗ ಪ್ರವೇಶ ವಿಭಾಗದವರನ್ನು ನೇರವಾಗಿ ಕೇಳಿ, ಮುಚ್ಚುಮರೆ ಮಾಡದೆ ಹೇಳುವವರು ಸಿಗುತ್ತಾರೆ.

ಈ ಕಾರಣಕ್ಕೇ ನಮ್ಮ ಸಲಹೆ: ಇನ್ಶೂರೆನ್ಸ್ ಗಟ್ಟಿಯಾಗಿದ್ದರೆ ಫರ್ಮ್ ವಿಷಯದಲ್ಲಿ ಧೈರ್ಯ ಮಾಡಿ, ನಿಜವಾಗಿ ಇಷ್ಟವಿರುವುದನ್ನೇ ಇಡಿ. 'ನಮ್ಮನ್ನು ಫರ್ಮ್ ಮಾಡಿದರೆ ಗ್ರೇಡ್ ಇಳಿಸುತ್ತೇವೆ' ಎಂಬ ಮಾತು ಎಲ್ಲಿಂದಾದರೂ ಬಂದರೆ ಹಿಗ್ಗಬೇಡಿ. ಆ ಇಳಿಸಿದ ಗ್ರೇಡ್ ಇನ್ಶೂರೆನ್ಸ್ ಮಾಡಿದವರಿಗೆ ಸಿಗುವುದಿಲ್ಲ ಎಂಬುದನ್ನು ಗಮನಿಸಿ.

ಮನೆ, ಫೀಸು, ಫೀ ಸ್ಟೇಟಸ್

ಇನ್ಶೂರೆನ್ಸ್‌ನ ನಿಜವಾದ ತಾಪತ್ರಯ ಹಾಸ್ಟೆಲ್ ಕೋಣೆ. ಮೊದಲ ವರ್ಷದವರಿಗೆ ಕೋಣೆ ಖಾತ್ರಿ ಎಂದು ಎಲ್ಲರೂ ಬರೆದುಕೊಂಡಿರುತ್ತಾರೆ, ಆದರೆ ಎಷ್ಟೋ ಕಡೆ ಅದು ಫರ್ಮ್ ಮಾಡಿ, ಗಡುವಿನೊಳಗೆ ಕೋಣೆಗೂ ಅರ್ಜಿ ಹಾಕಿದವರಿಗೆ ಮಾತ್ರ. ಇನ್ಶೂರೆನ್ಸ್ ಮಾಡಿದ ಕಡೆಯ ಹಾಸ್ಟೆಲ್ ಪುಟವನ್ನೂ ಮೇ ತಿಂಗಳಲ್ಲೇ ಓದಿ. ಅರ್ಜಿಗೆ ಅವಕಾಶವಿದ್ದರೆ ಅಲ್ಲೂ ಹಾಕಿಡಿ. ಖಾಸಗಿ ಹಾಸ್ಟೆಲ್ ಹಿಡಿಯುವುದಾದರೆ, ಗ್ರೇಡ್ ಬಾರದೆ ಸೀಟು ತಪ್ಪಿದರೆ ಕರಾರು ರದ್ದಾಗುತ್ತದೆಯೇ, ಎಷ್ಟು ದಿನದೊಳಗೆ ಯಾವ ಪುರಾವೆ ಕಳಿಸಬೇಕು ಎಂಬುದನ್ನು ಸಹಿಗೆ ಮುಂಚೆ ನೋಡಿ. ಆ ಕಲಂ ಇಲ್ಲದ ಕರಾರು ವರ್ಷದ ಬಾಡಿಗೆಯನ್ನು ತಲೆಗೆ ಕಟ್ಟುತ್ತದೆ.

ಸ್ಟೂಡೆಂಟ್ ಫೈನಾನ್ಸ್‌ಗೆ (ಸರ್ಕಾರದ ಶಿಕ್ಷಣ ಸಾಲಕ್ಕೆ) ಫರ್ಮ್ ಕೋರ್ಸ್ ಹೆಸರಲ್ಲಿ ಅರ್ಜಿ ಹಾಕಿಬಿಡಿ. ಆಗಸ್ಟಿನಲ್ಲಿ ಬದಲಾದರೆ ಕೋರ್ಸ್ ಹೆಸರು ತಿದ್ದಿದರೆ ಸಾಕು.

ಕೆಲಸದ ವೀಸಾದ ಮೇಲೆ ಬಂದ ನಮ್ಮವರ ಮನೆಗಳಲ್ಲಿ ಇದಕ್ಕಿಂತ ದೊಡ್ಡ ಲೆಕ್ಕ ಒಂದಿದೆ. ಇಂಗ್ಲೆಂಡಿನಲ್ಲಿ 2025-26ರ ಹೋಮ್ ಫೀ (ಸ್ಥಳೀಯ ವಿದ್ಯಾರ್ಥಿಗಳ ಶುಲ್ಕ) ವರ್ಷಕ್ಕೆ ಗರಿಷ್ಠ 9,535 ಪೌಂಡ್. ಓವರ್‌ಸೀಸ್ ಎಂದು ವರ್ಗವಾದರೆ ಅದು ಹಲವು ಪಟ್ಟು. ಮಕ್ಕಳು ಇಲ್ಲೇ ಶಾಲೆ ಓದಿದ್ದಾರೆ ಎಂಬುದೊಂದೇ ಸಾಲದು. ಸಾಮಾನ್ಯ ದಾರಿಯಲ್ಲಿ ಹೋಮ್ ಆಗಬೇಕಾದರೆ ಕೋರ್ಸ್‌ನ ಮೊದಲ ಶೈಕ್ಷಣಿಕ ವರ್ಷದ ಮೊದಲ ದಿನಕ್ಕೆ ಐಎಲ್‌ಆರ್ (ಇಲ್ಲೇ ಕಾಯಂ ನೆಲೆಸುವ ಅನುಮತಿ) ಕೈಯಲ್ಲಿರಬೇಕು, ಅದಕ್ಕೆ ಹಿಂದಿನ ಮೂರು ವರ್ಷ ಇಲ್ಲೇ ವಾಸವಿರಬೇಕು. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಶುರುವಾಗುವ ಕೋರ್ಸ್‌ಗಳಿಗೆ ಆ ಮೊದಲ ದಿನ ಸೆಪ್ಟೆಂಬರ್ 1. ಐಎಲ್‌ಆರ್ ಅಕ್ಟೋಬರ್‌ನಲ್ಲಿ ಬರುವಂತಿದ್ದರೆ ಗ್ರೇಡ್ ಬಂದರೂ ಒಂದು ವರ್ಷ ಮುಂದೂಡುವುದು ಹಣದ ದೃಷ್ಟಿಯಿಂದ ಸರಿ ಎನಿಸಬಹುದು. ಹಾಗಿದ್ದಾಗ ಮುಂದೂಡಲು ಒಪ್ಪುವ ವಿಶ್ವವಿದ್ಯಾಲಯವೇ ಒಳ್ಳೆಯ ಫರ್ಮ್. ಫೀ ಸ್ಟೇಟಸ್ ತೀರ್ಮಾನಿಸುವುದು ಆಯಾ ವಿಶ್ವವಿದ್ಯಾಲಯ, ಆದ್ದರಿಂದ ಫರ್ಮ್ ಕಡೆ ಹೋಮ್ ಎಂದರು, ಇನ್ಶೂರೆನ್ಸ್ ಕಡೆಯೂ ಹಾಗೇ ಇರುತ್ತದೆ ಎಂದುಕೊಳ್ಳಬೇಡಿ. ಎರಡೂ ಕಡೆಯಿಂದ ಲಿಖಿತ ಉತ್ತರ ತರಿಸಿಕೊಂಡ ಮೇಲೆಯೇ ಹಬ್‌ನಲ್ಲಿ ಉತ್ತರ ಕೊಡಿ.

ಕರ್ನಾಟಕದಿಂದ ನೇರ ಅರ್ಜಿ ಹಾಕಿದವರಿಗೆ

ನಿಮ್ಮ ಪರಿಸ್ಥಿತಿ ಉಲ್ಟಾ, ಅದು ನಿಮಗೆ ಅನುಕೂಲ. 2025ರಲ್ಲಿ ದ್ವಿತೀಯ ಪಿಯು ಪರೀಕ್ಷೆ 1ರ ಫಲಿತಾಂಶ ಏಪ್ರಿಲ್ 8ಕ್ಕೆ, ಸಿಬಿಎಸ್‌ಇ ಫಲಿತಾಂಶ ಮೇ 13ಕ್ಕೆ ಬಂತು. ಅಂದರೆ ಉತ್ತರ ಕೊಡುವ ಗಡುವಿಗೆ ಮೊದಲೇ ಅಂಕ ಕೈಗೆ ಬಂದಿತ್ತು. ಹಾಗಿರುವಾಗ ಅವಸರದಲ್ಲಿ ಮಾರ್ಚ್‌ನಲ್ಲೇ ಫರ್ಮ್ ಮಾಡುವುದು ಬೇಡ. ಶೇ 90 ಕೇಳಿದ ಕಡೆ 87 ಬಂದಿದ್ದರೆ ಅಂಕಪಟ್ಟಿ ಲಗತ್ತಿಸಿ 'ಇಷ್ಟು ಬಂದಿದೆ, ಪರಿಗಣಿಸುತ್ತೀರಾ' ಎಂದು ಇಮೇಲ್ ಮಾಡಿ. ಬರುವ ಉತ್ತರ ನೋಡಿಕೊಂಡು ಆರಿಸಿ. ಬೇಡ ಎಂದವರನ್ನು ಫರ್ಮ್ ಮಾಡಿ ಆ ಜಾಗ ಹಾಳುಮಾಡುವುದೇಕೆ?

ಶೇಕಡಾವಾರನ್ನು ಅವರು ಹೇಗೆ ಎಣಿಸುತ್ತಾರೆ ಎಂಬುದು ಎಲ್ಲಕ್ಕಿಂತ ಮುಖ್ಯ. ಪಿಯುನಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600. ಕನ್ನಡದಲ್ಲಿ ಬಂದ 97 ಒಬ್ಬರ ಲೆಕ್ಕದಲ್ಲಿ ಸೇರುತ್ತದೆ, ಇನ್ನೊಬ್ಬರು ನಾಲ್ಕು ಐಚ್ಛಿಕ ವಿಷಯಗಳನ್ನಷ್ಟೇ ನೋಡುತ್ತಾರೆ. ಭಾಷೆಗಳು ಮೇಲೆತ್ತಿದ ಶೇ 91, ಪಿಸಿಎಂಬಿ ಮಾತ್ರ ಎಣಿಸಿದಾಗ 88 ಆಗಬಹುದು. ರಾಜ್ಯ ಬೋರ್ಡ್‌ಗೆ ಸಿಬಿಎಸ್‌ಇಗಿಂತ ಹೆಚ್ಚಿನ ಶೇಕಡಾ ಕೇಳುವವರೂ ಇದ್ದಾರೆ. 2024 ಮತ್ತು 2025ರಲ್ಲಿ ಪಿಯುಗೆ ಪರೀಕ್ಷೆ 1, 2, 3 ಎಂದು ಮೂರು ಅವಕಾಶಗಳಿದ್ದವು. ಪರೀಕ್ಷೆ 2ರಲ್ಲಿ ಹೆಚ್ಚಿಸಿಕೊಂಡ ಅಂಕವನ್ನು ಒಪ್ಪುತ್ತೀರಾ ಎಂದು ಮೊದಲೇ ಕೇಳಿ, ಉತ್ತರ ಇಮೇಲ್‌ನಲ್ಲಿ ಇರಲಿ.

ಇಂಗ್ಲಿಷ್ ಷರತ್ತು ಇನ್ನೊಂದು. ಹನ್ನೆರಡನೆಯ ತರಗತಿಯ ಇಂಗ್ಲಿಷ್ ಅಂಕವನ್ನೇ ಒಪ್ಪುವವರು ಇದ್ದಾರೆ, ಐಇಎಲ್‌ಟಿಎಸ್ ಬೇಕೇಬೇಕು ಎನ್ನುವವರೂ ಇದ್ದಾರೆ. ಒಟ್ಟು 6.5 ಬಂದು ರೈಟಿಂಗ್‌ನಲ್ಲಿ ಕೇಳಿದ್ದಕ್ಕಿಂತ ಅರ್ಧ ಅಂಕ ಕಡಿಮೆಯಾಗಿ ಆಫರ್ ತಪ್ಪುವುದುಂಟು. ಡಿಪಾಸಿಟ್ ಕಟ್ಟುವ ಮುನ್ನ ವಾಪಸಾತಿಯ ನಿಯಮ ಓದಿ: ಷರತ್ತು ಪೂರೈಸಲಾಗದೆ ತಪ್ಪಿದರೆ ಹಿಂತಿರುಗಿಸುವುದು ಸಾಮಾನ್ಯ, ಮನಸ್ಸು ಬದಲಾಯಿಸಿದರೆ ಕೊಡುವುದು ಕಷ್ಟ. ವೀಸಾಗೆ ಬ್ಯಾಂಕಿನಲ್ಲಿ ಹಣ ಸತತ 28 ದಿನ ಇರಬೇಕು. ಇನ್ಶೂರೆನ್ಸ್ ಕೋರ್ಸ್‌ನ ಫೀಸು ಹೆಚ್ಚಿದ್ದರೆ ಆ ಹೆಚ್ಚಿನ ಮೊತ್ತವನ್ನೇ ಇಟ್ಟಿರಿ. ಇಲ್ಲದಿದ್ದರೆ ವಿಶ್ವವಿದ್ಯಾಲಯ ಬದಲಾದಾಗ 28 ದಿನದ ಎಣಿಕೆ ಮತ್ತೆ ಮೊದಲಿನಿಂದ ಶುರು.

ಫಲಿತಾಂಶದ ದಿನ

2025ರಲ್ಲಿ ಅದು ಆಗಸ್ಟ್ 14, ಗುರುವಾರ. ಬೆಳಿಗ್ಗೆ 8ರ ಸುಮಾರಿಗೆ ಹಬ್‌ನಲ್ಲಿ ಸ್ಥಿತಿ ಬದಲಾಗುತ್ತದೆ. ಅಲ್ಲಿ ಕಾಣುವುದು ಸೀಟಿನ ಸುದ್ದಿ ಮಾತ್ರ, ಗ್ರೇಡ್ ಶಾಲೆಯಿಂದ ಬರಬೇಕು. ಆಗಸ್ಟಿನಲ್ಲಿ ಊರಿಗೆ ಹೋಗುವ ರೂಢಿ ನಮ್ಮಲ್ಲಿದೆ. ಈ ವರ್ಷ ಹೋಗಲೇಬೇಡಿ ಎನ್ನುವುದು ನಮ್ಮ ಖಂಡಿತ ಅಭಿಪ್ರಾಯ. ಹೋಗಲೇಬೇಕಾದರೆ ಭಾರತದ ಸಮಯ ನಾಲ್ಕೂವರೆ ಗಂಟೆ ಮುಂದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ಇಲ್ಲಿನ ಬೆಳಿಗ್ಗೆ 8 ಅಲ್ಲಿ ಮಧ್ಯಾಹ್ನ 12.30. ಶಾಲೆಯ ಇಮೇಲ್ ತೆರೆಯುತ್ತದೆಯೇ, ಬ್ರಿಟನ್ನಿನ ನಂಬರ್‌ಗಳಿಗೆ ಕರೆ ಹೋಗುತ್ತದೆಯೇ ಎಂದು ಹಿಂದಿನ ದಿನವೇ ಪರೀಕ್ಷಿಸಿ.

ಗ್ರೇಡ್ ಕಡಿಮೆ ಬಂದಿದೆ, ಹಬ್‌ನಲ್ಲಿ ಇನ್ನೂ ಕಂಡೀಷನಲ್ ಎಂದೇ ಇದೆ ಎಂದರೆ ಅವರು ಇನ್ನೂ ಯೋಚಿಸುತ್ತಿದ್ದಾರೆ ಎಂದರ್ಥ. ಫರ್ಮ್ ಕಡೆಗೆ ಫೋನ್ ಮಾಡಿ ಕೇಳಿ. ಕೆಲವೊಮ್ಮೆ ಅದೇ ವಿಭಾಗದ ಬೇರೆ ಕೋರ್ಸ್, ಇಲ್ಲವೇ ಒಂದು ವರ್ಷದ ಫೌಂಡೇಷನ್ ಸೇರಿದ ಕೋರ್ಸ್ ಕೊಡುತ್ತಾರೆ. ಒಪ್ಪುವುದು ಬಿಡುವುದು ನಿಮ್ಮದು. ಫೌಂಡೇಷನ್ ಎಂದರೆ ಒಂದು ವರ್ಷದ ಖರ್ಚು ಹೆಚ್ಚು. ಗಾಬರಿಯಲ್ಲಿ 'ಡಿಕ್ಲೈನ್ ಮೈ ಪ್ಲೇಸ್' ಒತ್ತಬೇಡಿ. ಖಾತ್ರಿಯಾದ ಸೀಟು ಬಿಟ್ಟು ಕ್ಲಿಯರಿಂಗ್‌ಗೆ ಹೋಗುವ ಬಟನ್ ಅದು, ಒತ್ತಿದರೆ ಇನ್ಶೂರೆನ್ಸ್ ಎದ್ದು ಬರುವುದಿಲ್ಲ. ಕ್ಲಿಯರಿಂಗ್‌ನಲ್ಲಿ ಫೋನ್ ಮೂಲಕ ಎಷ್ಟು ಕಡೆಯಿಂದ ಬೇಕಾದರೂ ಬಾಯಿಮಾತಿನ ಆಫರ್ ಪಡೆಯಬಹುದು, ಆದರೆ ಹಬ್‌ನಲ್ಲಿ ಸೇರಿಸಲು ಬಿಡುವುದು ಒಂದು ಸಲಕ್ಕೆ ಒಂದನ್ನೇ.

ಫೋನ್‌ನಲ್ಲಿ ಮಾತಾಡಬೇಕಾದವರು ಮಕ್ಕಳೇ. ಅಪ್ಪ ಲೈನಿಗೆ ಬಂದರೆ ವಿವರ ಹೇಳುವುದಿಲ್ಲ, ಅರ್ಜಿಯಲ್ಲಿ ನಾಮಿನೇಟೆಡ್ ಆಕ್ಸೆಸ್ ಎಂದು ಹೆಸರು ಕೊಟ್ಟಿದ್ದರೆ ಮಾತ್ರ ಯೂಕಾಸ್ ಅವರೊಡನೆ ಮಾತಾಡುತ್ತದೆ. ಅಮ್ಮ ಅಪ್ಪ ಮಾಡಬಹುದಾದ ಕೆಲಸ ಪಕ್ಕದಲ್ಲಿ ಕೂತು ಹೆಸರು, ಸಮಯ, ಏನಂದರು ಎಂದು ಬರೆದುಕೊಳ್ಳುವುದು.

ಗಡಿಯಿಂದ ಒಂದೆರಡು ಅಂಕಕ್ಕೆ ಗ್ರೇಡ್ ತಪ್ಪಿದ್ದರೆ ಅಂದೇ ಶಾಲೆಗೆ ಹೇಳಿ ಆದ್ಯತೆಯ ಮರುಪರಿಶೀಲನೆ ಕೇಳಿಸಿ. ವಿದ್ಯಾರ್ಥಿ ನೇರ ಕೇಳುವಂತಿಲ್ಲ, ಶಾಲೆಯ ಪರೀಕ್ಷಾ ಅಧಿಕಾರಿಯೇ ಕಳಿಸಬೇಕು, ಗಡುವು ಸುಮಾರು ಒಂದು ವಾರ. ಉತ್ತರ 15 ದಿನದೊಳಗೆ ಬರುತ್ತದೆ. ಗ್ರೇಡ್ ಏರಬಹುದು, ಹಾಗೇ ಇರಬಹುದು, ಇಳಿಯಲೂಬಹುದು, ಹಾಗಾಗಿ ವಿದ್ಯಾರ್ಥಿಯ ಲಿಖಿತ ಒಪ್ಪಿಗೆ ಕೇಳುತ್ತಾರೆ. ಗ್ರೇಡ್ ಬದಲಾದರೆ ಕಟ್ಟಿದ ಶುಲ್ಕ ವಾಪಸ್. ಮರುಪರಿಶೀಲನೆಗೆ ಹಾಕಿದ್ದೇವೆ ಎಂದು ಫರ್ಮ್ ಕಡೆಯವರಿಗೆ ಅದೇ ದಿನ ತಿಳಿಸಿ. ಗ್ರೇಡ್ ಏರಿ ಬರುವ ಹೊತ್ತಿಗೆ ಜಾಗ ತುಂಬಿದ್ದರೆ ಮುಂದಿನ ವರ್ಷದ ಸೀಟು ಕೊಡುವುದುಂಟು. ಅಲ್ಲಿಯವರೆಗೆ ಇನ್ಶೂರೆನ್ಸ್ ಸೀಟನ್ನು ಬಿಡಬೇಡಿ, ಅಲ್ಲಿನ ಕೋಣೆಗೂ ಅರ್ಜಿ ಹಾಕಿಡಿ.